ದಾರಿಯ ಅಗಲ: ಒಂದು ತಜ್ಞ ಟಿಪ್ಪಣಿ

ರಸ್ತೆಗಳ ಇತಿಹಾಸ ಬರೆಯುವವರಲ್ಲಿ ಎರಡು ಪಂಗಡ. ಉದ್ದದವರು, ಅಗಲದವರು. ಉದ್ದದವರ ಸಂಖ್ಯೆ ದೊಡ್ಡದು. ನಕ್ಷೆ, ಮೈಲಿಗಲ್ಲು, ಪ್ರಯಾಣ ಭತ್ಯೆ ಎಲ್ಲವೂ ಅವರ ಪಾಲಿನದು. ಅಗಲದವನು, ಸದ್ಯಕ್ಕೆ, ನಾನೊಬ್ಬನೇ. ವಿಚಾರ ಸಂಕಿರಣಗಳಲ್ಲಿ ನನ್ನ ಪ್ರಬಂಧವನ್ನು ಊಟದ ಗಂಟೆ ಹೊಡೆದ ಮೇಲೆ ಕರೆಯುತ್ತಾರೆ. ನನಗೆ ಬೇಸರವಿಲ್ಲ. ಕೇಳುಗರು ಎದ್ದು ಹೋದಷ್ಟೂ ಸಭಾಂಗಣದ ಅಗಲ ಸ್ಪಷ್ಟವಾಗಿ ಕಾಣುತ್ತದೆ.

ನಮ್ಮ ಶಾಸ್ತ್ರದ ಮೂಲ ಪ್ರಶ್ನೆ ಸರಳವಾದದ್ದು. ಒಬ್ಬರ ನೆಲದಲ್ಲಿ ಹಾದುಹೋಗಲು ಇನ್ನೊಬ್ಬರು ಒಂದು ದಾರಿ ಕೇಳುತ್ತಾರೆ. ಹೋಗಲಿ, ದಾರಿ ತಾನೇ ಎಂದು ಇವರು ಕೊಡುತ್ತಾರೆ. ಆ ದಾರಿ ಕೊನೆಗೆ ಎಷ್ಟು ಅಗಲವಾಗುತ್ತದೆ? ಇದಕ್ಕೆ ಪ್ರಪಂಚದಲ್ಲಿ ಬೇಕಾದಷ್ಟು ಉದಾಹರಣೆಗಳಿವೆ. ಆದರೆ ದಾಖಲೆಗಳು ಇಷ್ಟು ಅಚ್ಚುಕಟ್ಟಾಗಿ, ಸಹಿ, ತಾರೀಖು, ಸಂಭಾವನೆ ಸಮೇತ ಉಳಿದಿರುವುದು ಅಮೆರಿಕದ ಮೂಲನಿವಾಸಿ ಚೆರೋಕಿಗಳ ನಾಡಿನಲ್ಲಿ. ಇಂದಿನ ಟೆನೆಸೀ, ಜಾರ್ಜಿಯಾ, ಉತ್ತರ ಕ್ಯಾರೊಲೈನಾ, ಅಲಬಾಮಾಗಳ ಬೆಟ್ಟಗುಡ್ಡಗಳಲ್ಲಿ 1775ರಿಂದ 1838ರವರೆಗೆ, ಅಂದರೆ 63 ವರ್ಷ, ಈ ಪ್ರಯೋಗ ಎಲ್ಲೂ ಕಡಿಯದೆ ನಡೆಯಿತು. ಯಾವ ಪ್ರಯೋಗಾಲಯದಲ್ಲೂ ಇಷ್ಟು ಸಹನೆ ಇರುವುದಿಲ್ಲ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಬಿಳಿಯರು ಬರುವ ಮುಂಚೆಯೇ ಅಲ್ಲಿ ರಸ್ತೆಗಳಿದ್ದವು ಎಂದು ಕೆಲವರು ವಾದಿಸುತ್ತಾರೆ. ಉಪ್ಪುನೆಲ ಹುಡುಕಿಕೊಂಡು ಕಾಡುಕೋಣಗಳು ತುಳಿದ ಜಾಡುಗಳಿದ್ದವು, ಆ ಜಾಡು ಹಿಡಿದು ಚೆರೋಕಿಗಳೂ ಶಾನೀಗಳೂ ಬೇಟೆಗೆ, ಬಂಧುಗಳ ಮನೆಗೆ, ಆಗಾಗ ಪರಸ್ಪರ ಕಾದಾಟಕ್ಕೆ ಹೋಗಿಬರುತ್ತಿದ್ದರು. ನಿಜ. ಆದರೆ ತಾಂತ್ರಿಕವಾಗಿ ಇವನ್ನು ರಸ್ತೆ ಎನ್ನಲು ಬರುವುದಿಲ್ಲ. ಯಾರೂ ಇವನ್ನು ಉದ್ಘಾಟಿಸಿರಲಿಲ್ಲ. ಇವುಗಳಿಂದ ಯಾರ ಜಮೀನೂ ಹೋಗಿರಲಿಲ್ಲ. ಹೋದವರು ಅದೇ ದಾರಿಯಲ್ಲಿ ವಾಪಸು ಬರುತ್ತಿದ್ದರು ಎಂಬುದಂತೂ ಇವುಗಳ ಪ್ರಾಥಮಿಕ ಸ್ವರೂಪಕ್ಕೆ ಸಾಕ್ಷಿ.

1750ರಲ್ಲಿ ವರ್ಜೀನಿಯಾದ ವೈದ್ಯ ಥಾಮಸ್ ವಾಕರ್ ಆ ಕಡೆ ಹೋಗಿ ಒಂದು ನದಿಯನ್ನು ಕಂಡ. ನದಿ ಮೊದಲಿಂದಲೂ ಅಲ್ಲೇ ಇತ್ತು. ಅದಕ್ಕೆ ಕಂಬರ್‌ಲ್ಯಾಂಡಿನ ಡ್ಯೂಕನ ಹೆಸರಿಟ್ಟ. ಡ್ಯೂಕ್ ಆ ಕಡೆ ತಲೆ ಹಾಕಿಯೂ ಮಲಗಿದವನಲ್ಲ. ನದಿಗೆ ಇಟ್ಟ ಹೆಸರು ಮುಂದೆ ಬೆಟ್ಟಕ್ಕೆ ಹತ್ತಿತು, ಬೆಟ್ಟದ ನಡುವಿನ ಕಣಿವೆಬಾಯಿಗೂ ಹತ್ತಿ ಕಂಬರ್‌ಲ್ಯಾಂಡ್ ಗ್ಯಾಪ್ ಆಯಿತು. ದಾರಿ ಅಗಲವಾಗುವ ಮೊದಲು ಹೆಸರು ಅಗಲವಾಗುತ್ತದೆ. ಇದನ್ನು ನಮ್ಮ ಶಾಸ್ತ್ರದಲ್ಲಿ ಪೂರ್ವಲಕ್ಷಣ ಎನ್ನುತ್ತೇವೆ.

ಇನ್ನು ನಿಜವಾದ ವಿಜ್ಞಾನಕ್ಕೆ ಬರೋಣ. 1763ರಲ್ಲಿ ಬ್ರಿಟಿಷ್ ದೊರೆ ಮೂರನೆಯ ಜಾರ್ಜ್ ಒಂದು ಘೋಷಣೆ ಹೊರಡಿಸಿದ್ದ. ಅಪಲೇಶಿಯನ್ ಬೆಟ್ಟಸಾಲಿನ ಆಚೆಗೆ ವಲಸಿಗರು ನೆಲೆಸಕೂಡದು, ಖಾಸಗಿ ವ್ಯಕ್ತಿಗಳು ಮೂಲನಿವಾಸಿಗಳಿಂದ ಜಮೀನು ಕೊಳ್ಳಕೂಡದು. ಇಷ್ಟು ಖಡಾಖಂಡಿತವಾದ ಕಾನೂನಿನಲ್ಲಿ ನುಸುಳುವ ದಾರಿ ಎಲ್ಲಿದೆ ಎಂದು ಸಾಮಾನ್ಯರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ನ್ಯಾಯಾಧೀಶರೇ ಬೇಕು. ಉತ್ತರ ಕ್ಯಾರೊಲೈನಾದಲ್ಲಿ ನ್ಯಾಯಪೀಠದಿಂದ ಆಗಷ್ಟೇ ಇಳಿದಿದ್ದ ರಿಚರ್ಡ್ ಹೆಂಡರ್ಸನ್ ಮಹಾಶಯರು ಟ್ರಾನ್ಸಿಲ್ವೇನಿಯಾ ಎಂಬ ಕಂಪನಿ ಕಟ್ಟಿ, 1775ರ ಮಾರ್ಚ್‌ನಲ್ಲಿ ಸಿಕಮೋರ್ ಶೋಲ್ಸ್ ಎಂಬ ನದಿದಂಡೆಯಲ್ಲಿ ಚೆರೋಕಿ ಹಿರಿಯರನ್ನು ಸೇರಿಸಿದರು. ಹತ್ತು ಸಾವಿರ ಪೌಂಡ್ ಬೆಲೆಯದೆಂದು ಹೇಳಲಾದ ಬಟ್ಟೆಬರೆ, ಬಂದೂಕು, ಸರಕು ತುಂಬಿದ ಗಾಡಿಗಳನ್ನು ತೋರಿಸಿದರು. ಎರಡು ಕೋಟಿ ಎಕರೆ ಬರೆಸಿಕೊಂಡರು. ಸರಕು ಹಂಚಿದಾಗ ಒಬ್ಬ ಯೋಧನ ಪಾಲಿಗೆ ಒಂದು ಅಂಗಿ ಬಂತು, ಇದಕ್ಕಿಂತ ಹೆಚ್ಚಿನದನ್ನು ಆ ಕಾಡಿನಲ್ಲಿ ಒಂದು ದಿನ ಬೇಟೆಯಾಡಿ ಗಳಿಸುತ್ತಿದ್ದೆ ಎಂದು ಅವನು ಗೊಣಗಿದ ಎಂದು ಕಥೆಯಿದೆ. ಗೊಣಗುವವರು ಎಲ್ಲ ಯೋಜನೆಗಳಲ್ಲೂ ಇರುತ್ತಾರೆ. ಅಂಗಿಯ ಅಳತೆ ಸರಿಯಿತ್ತೇ ಎಂಬ ಮುಖ್ಯ ವಿಷಯವನ್ನು ಕಥೆ ಹೇಳುವುದಿಲ್ಲ.

ಆದರೆ ಹೆಂಡರ್ಸನ್‌ರ ಪ್ರತಿಭೆ ಇರುವುದು ಎರಡು ಕೋಟಿ ಎಕರೆಯಲ್ಲಲ್ಲ. ಅದನ್ನು ಯಾರು ಬೇಕಾದರೂ ಕೊಳ್ಳಬಹುದು. ಕ್ರಯ ಮುಗಿದ ಮೇಲೆ ಅವರು ಒಂದು ಸೂಕ್ಷ್ಮವನ್ನು ಮುಂದಿಟ್ಟರು. ಈಗ ಕೊಂಡ ಜಮೀನಿಗೆ ಹೋಗಬೇಕಾದರೆ ನಡುವೆ ಸಹೋದರ ಚೆರೋಕಿಗಳ ಜಮೀನನ್ನು ತುಳಿಯಬೇಕಲ್ಲ! ಇನ್ನೊಬ್ಬರ ನೆಲ ತುಳಿಯಲು ಅವರ ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಅಲ್ಲಿಯವರೆಗೆ ಹೋಗಲು ಒಂದು ದಾರಿಯನ್ನೂ ಮಾರಿಬಿಡಿ ಎಂದು, ಉಳಿದಿದ್ದ ಸರಕು ತೋರಿಸಿ, ಬೇರೆಯದೇ ಒಂದು ಪತ್ರ ಮಾಡಿಸಿಕೊಂಡರು. ಇತಿಹಾಸದಲ್ಲಿ ಇದಕ್ಕೆ ‘ದಾರಿಪತ್ರ’ ಎಂದೇ ಹೆಸರು. ಆ ಪತ್ರದ ಪ್ರಕಾರ ದಾರಿ ಎಂದರೆ ಹಾಲ್‌ಸ್ಟನ್ ನದಿಯ ಕಡೆಯಿಂದ ಕಂಬರ್‌ಲ್ಯಾಂಡ್ ಗ್ಯಾಪ್‌ವರೆಗಿನ ನದಿ, ಕಣಿವೆ, ಬೆಟ್ಟ, ಅವುಗಳ ನಡುವಿನ ಬಯಲು. ಅಗಲಶಾಸ್ತ್ರ ಹುಟ್ಟಿದ್ದು ಇಲ್ಲಿ. ನಾನು ಪ್ರತಿ ವರ್ಷ ಮಾರ್ಚ್ 17ರಂದು, ಪತ್ರಕ್ಕೆ ಸಹಿ ಬಿದ್ದ ದಿನ, ಮನೆಯಲ್ಲಿ ಪಾಯಸ ಮಾಡಿಸುತ್ತೇನೆ.

ಈ ಘಟನೆಯನ್ನು ಕೇಳಿದ ಕನ್ನಡಿಗರು ತಕ್ಷಣ ವಾಮನ, ಬಲಿ, ಮೂರು ಹೆಜ್ಜೆ ಎಂದು ತಲೆಯಾಡಿಸುತ್ತಾರೆ. ಇದು ಅಶಾಸ್ತ್ರೀಯ ಹೋಲಿಕೆ. ವಾಮನ ಎಷ್ಟು ಹೆಜ್ಜೆ ಎಂದು ಮೊದಲೇ ಹೇಳಿದ್ದ. ಮೂರಕ್ಕೆ ನಿಲ್ಲಿಸಿದ. ಬಲಿಗೆ ಪಾತಾಳದಲ್ಲಿ ಶಾಶ್ವತ ಪುನರ್ವಸತಿಯನ್ನೂ, ವರ್ಷಕ್ಕೊಮ್ಮೆ ಊರಿಗೆ ಬರುವ ಅನುಮತಿಯನ್ನೂ ಕೊಟ್ಟ. ಹೆಂಡರ್ಸನ್‌ರ ಪತ್ರ ಇದಕ್ಕಿಂತ ಎಷ್ಟೋ ಮುಂದುವರಿದದ್ದು.

ಸಭೆಯಲ್ಲಿ ಎಲ್ಲರೂ ಒಪ್ಪಿದರೆಂದು ಹೇಳಲಾಗದು. ಸಹಿ ಹಾಕಿದ ಹಿರಿಯ ಅಟ್ಟಕುಲಕುಲ್ಲನ ಸ್ವಂತ ಮಗ ಡ್ರ್ಯಾಗಿಂಗ್ ಕೆನೂ ಎದ್ದು ನಿಂತು ಇದು ಇಲ್ಲಿಗೆ ನಿಲ್ಲುವುದಿಲ್ಲ, ಒಂದು ತುಂಡು ಕೊಟ್ಟರೆ ಇನ್ನೊಂದು ಕೇಳುತ್ತಾರೆ, ಕೊನೆಗೆ ನಮಗೆ ನಿಲ್ಲಲು ಜಾಗವಿರುವುದಿಲ್ಲ ಎಂಬರ್ಥದ ಮಾತಾಡಿ ಹೊರನಡೆದ. ಮುಂದೆ ಹದಿನೇಳು ವರ್ಷ, ಸಾಯುವವರೆಗೂ, ಇದೇ ಅಭಿಪ್ರಾಯವನ್ನು ಬಂದೂಕಿನ ಮೂಲಕ ಮಂಡಿಸುತ್ತಿದ್ದ. ತಜ್ಞನಾಗಿ ನಾನು ಹೇಳುವುದಿಷ್ಟು: ಅವನ ಅಂದಾಜಿನಲ್ಲಿ ಒಂದಂಶವೂ ತಪ್ಪಿರಲಿಲ್ಲ, ಆದರೆ ಅವನು ಅದನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸಲಿಲ್ಲ.

ಕಾಮಗಾರಿಯ ವಿಷಯ. ದಾರಿ ಕಡಿಯುವ ಹೊಣೆ ಡೇನಿಯಲ್ ಬೂನ್ ಎಂಬ ಬೇಟೆಗಾರನದು. ಮೂವತ್ತರಷ್ಟು ಕೊಡಲಿಯಾಳುಗಳನ್ನು ಕಟ್ಟಿಕೊಂಡು ಅವನು ಹೊರಟದ್ದು ಮಾರ್ಚ್ 10ರಂದು. ಪತ್ರಕ್ಕೆ ಸಹಿ ಬಿದ್ದದ್ದು ಮಾರ್ಚ್ 17ರಂದು ಎಂದು ಆಗಲೇ ಹೇಳಿದೆ. ಅನುಮತಿ ಸಿಗುವುದಕ್ಕೆ ಒಂದು ವಾರ ಮೊದಲು ಕೆಲಸ ಶುರು! ಕಾಮಗಾರಿಗಳು ತಡವಾಗುತ್ತವೆ ಎಂದು ಸದಾ ದೂರುವವರು ಇದನ್ನು ಗಮನಿಸಬೇಕು. ಇನ್ನೂರು ಮೈಲಿಯಷ್ಟು ಕಾಡು ಸವರಿ ಕೆಂಟಕಿ ನದಿ ತಲುಪಿದರು. ದಾರಿಯಲ್ಲಿ ಒಂದು ಮುಂಜಾವಿನ ದಾಳಿಯಲ್ಲಿ ತಂಡದ ಟ್ವಿಟಿ ಎಂಬ ಕ್ಯಾಪ್ಟನ್ನೂ ಅವನ ಗುಲಾಮ ಸ್ಯಾಮ್ ಎಂಬವನೂ ಸತ್ತರು. ಸ್ಯಾಮ್‌ನನ್ನು ಯಾರೂ ದಾರಿ ಬೇಕೇ ಎಂದು ಕೇಳಿರಲಿಲ್ಲ.

ಹಿಂದೆಯೇ ಹೆಂಡರ್ಸನ್ ಗಾಡಿಗಳೊಂದಿಗೆ ಬಂದರು. ಪೊವೆಲ್ ಕಣಿವೆಯ ಹತ್ತಿರ ಗಾಡಿಗಳನ್ನು ಬಿಟ್ಟು, ಸಾಮಾನನ್ನು ಕುದುರೆಗಳ ಮೇಲೆ ಹೇರಬೇಕಾಯಿತು. ಮುಂದಕ್ಕೆ ಗಾಡಿ ಹೋಗುವಷ್ಟು ದಾರಿ ಅಗಲವಿರಲಿಲ್ಲ. ಓದುಗರು ಇಲ್ಲಿ ಒಂದು ನಿಮಿಷ ನಿಲ್ಲಬೇಕೆಂದು ಕೋರುತ್ತೇನೆ. ಕಾಗದದ ಮೇಲೆ ಬೆಟ್ಟ ಕಣಿವೆಗಳನ್ನೆಲ್ಲ ನುಂಗುವಷ್ಟು ಅಗಲ. ನೆಲದ ಮೇಲೆ ಅದರ ಮಾಲೀಕನ ಒಂದು ಗಾಡಿಗೂ ಜಾಗವಿಲ್ಲ. ಉದ್ದದವರು ಈ ದಾರಿಯನ್ನು ಎಷ್ಟು ಅಳೆದರೂ ಇಂಥ ಸತ್ಯ ಸಿಗುವುದಿಲ್ಲ.

ವ್ಯವಹಾರದ ಕೊನೆ ಇನ್ನೂ ಬೋಧಪ್ರದ. ವರ್ಜೀನಿಯಾ ಸರ್ಕಾರ ಪರಿಶೀಲಿಸಿ, ಹೆಂಡರ್ಸನ್ ಕೊಂಡದ್ದು ಕಾನೂನುಬಾಹಿರ ಎಂದು ಕ್ರಯವನ್ನು ರದ್ದು ಮಾಡಿತು. ಹಾಗಾದರೆ ಜಮೀನು ಚೆರೋಕಿಗಳಿಗೆ ಮರಳಿತೇ ಎಂದು ಮುಗ್ಧರು ಕೇಳುತ್ತಾರೆ. ಕೊಂಡದ್ದು ಮಾತ್ರ ತಪ್ಪು, ಮಾರಿದ್ದು ಸರಿಯಾಗಿಯೇ ಇತ್ತು. ಮಾರಿದ ಜಮೀನು ಎಲ್ಲಾದರೂ ಹೋಗಬೇಕಲ್ಲ, ವರ್ಜೀನಿಯಾಕ್ಕೆ ಹೋಯಿತು. ಹೆಂಡರ್ಸನ್‌ರ ಕಂಪನಿಗೆ ಪಟ್ಟ ಶ್ರಮಕ್ಕೆಂದು 1778ರಲ್ಲಿ ಎರಡು ಲಕ್ಷ ಎಕರೆ ಕೊಟ್ಟರು. ಬೂನನ ಜಮೀನುಗಳು ದಾಖಲೆ ಸರಿಯಿಲ್ಲದೆ ಒಂದೊಂದಾಗಿ ಕೈಬಿಟ್ಟವು. 1796ರಲ್ಲಿ ಆ ದಾರಿಯನ್ನು ಗಾಡಿಗಳಿಗೆ ಅಗಲ ಮಾಡಬೇಕೆಂದು, ಅಷ್ಟರಲ್ಲಿ ಆ ನೆಲದಲ್ಲಿ ಎದ್ದಿದ್ದ ಕೆಂಟಕಿ ರಾಜ್ಯದ ಸರ್ಕಾರ ತೀರ್ಮಾನಿಸಿದಾಗ, ಬೂನ್ ರಾಜ್ಯಪಾಲ ಶೆಲ್ಬಿಗೆ ಕಾಗದ ಬರೆದು, ಈ ದಾರಿ ಮೊದಲು ಕಡಿದವನು ನಾನೇ, ಗುತ್ತಿಗೆ ನನಗೆ ಕೊಡಿ ಎಂದು ಕೇಳಿಕೊಂಡ. ಕಾಗುಣಿತದ ತಪ್ಪುಗಳಿಂದ ತುಂಬಿದ ಅರ್ಜಿ. ಗುತ್ತಿಗೆ ಬೇರೆಯವರಿಗೆ ಹೋಯಿತು. ಮೂರು ವರ್ಷದಲ್ಲಿ ಬೂನ್ ಊರು ಬಿಟ್ಟು ಮಿಸೌರಿಗೆ ಹೋದ. ಕಡಿಯುವವನೇ ಬೇರೆ, ಅಗಲ ಮಾಡುವವನೇ ಬೇರೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಇತ್ತ ಟೆನೆಸೀ ಕಡೆಯ ವಿಷಯ. ನಾಲ್ಕು ಮನೆ ಎದ್ದು ನ್ಯಾಶ್‌ವಿಲ್ ಎಂದು ಹೆಸರಾದ ಮೇಲೆ, ಪೂರ್ವದ ವಸಾಹತುಗಳಿಂದ ಅಲ್ಲಿಗೆ ಹೋಗಲು ದಾರಿ ಬೇಕಾಯಿತು. ನಡುವೆ ಚೆರೋಕಿ ನೆಲ. 1787ರಲ್ಲಿ ಉತ್ತರ ಕ್ಯಾರೊಲೈನಾದ ಶಾಸನಸಭೆ ಯಾರನ್ನೂ ಕೇಳದೆ ದಾರಿ ಮಾಡಲು ಆಜ್ಞೆ ಮಾಡಿತು. ಪೀಟರ್ ಏವರಿ ಎಂಬ ಬೇಟೆಗಾರ ಮರಗಳಿಗೆ ಗುರುತು ಕೊಚ್ಚುತ್ತಾ ಜಾಡು ತೋರಿಸಿದ. ಕುಟುಂಬಗಳು ಸೈನಿಕರ ಕಾವಲಿನಲ್ಲಿ ಆ ದಾರಿಯಲ್ಲಿ ಸಾಗಿದವು. ದಾರಿ ಆದ ನಾಲ್ಕು ವರ್ಷಕ್ಕೆ, 1791ರಲ್ಲಿ, ಹಾಲ್‌ಸ್ಟನ್ ಒಪ್ಪಂದದಲ್ಲಿ ಚೆರೋಕಿಗಳ ಅನುಮತಿ ಪಡೆಯಲಾಯಿತು. ಬೂನನದು ಒಂದು ವಾರದ ಮುಂಗಡವಾದರೆ ಇದು ನಾಲ್ಕು ವರ್ಷದ ಮುಂಗಡ. ವಿಜ್ಞಾನ ಬೆಳೆಯುತ್ತಿತ್ತು.

ಹಾಲ್‌ಸ್ಟನ್ ಒಪ್ಪಂದ ಮಾಡಿಸಿದ ವಿಲಿಯಂ ಬ್ಲಂಟ್ ಆ ಸೀಮೆಯ ರಾಜ್ಯಪಾಲ. ಮೂಲನಿವಾಸಿಗಳ ಹಿತ ಕಾಯುವ ಮೇಲ್ವಿಚಾರಕನೂ ಅವನೇ. ಬಿಡುವಿನ ವೇಳೆಯಲ್ಲಿ ಅದೇ ಸೀಮೆಯ ಜಮೀನಿನ ಸಟ್ಟಾ ವ್ಯಾಪಾರಿ. ಮೂರು ಕುರ್ಚಿಯಲ್ಲಿ ಒಬ್ಬನೇ ಕೂತಿದ್ದರಿಂದ ಕಡತಗಳು ಬೇಗ ಸಾಗುತ್ತಿದ್ದವು. ಮೂಲನಿವಾಸಿಗಳು ಅವನನ್ನು ‘ಮಣ್ಣಿನ ದೊರೆ’ ಎಂದು ಕರೆಯುತ್ತಿದ್ದರು. ಅದು ಬಿರುದು ಎಂದೇ ನಾನು ಭಾವಿಸುತ್ತೇನೆ. ಒಪ್ಪಂದದ ಐದನೆಯ ಕಲಮಿನಲ್ಲಿ ವಾಷಿಂಗ್ಟನ್ ಜಿಲ್ಲೆಯಿಂದ ಮೀರೋ ಜಿಲ್ಲೆಗೆ ಹೋಗುವ ದಾರಿಯ ‘ಮುಕ್ತ ಹಾಗೂ ಅಡಚಣೆಯಿಲ್ಲದ’ ಬಳಕೆಯನ್ನು ಬಿಳಿಯರಿಗೆ ಕೊಡಲಾಯಿತು. ಎಷ್ಟು ಅಗಲದ ದಾರಿ ಎಂದು ಬರೆದಿಲ್ಲ. ಇದು ಮರೆವಲ್ಲ, ಶೈಲಿ.

ಮೀರೋ ಎಂಬ ಹೆಸರಿನ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾದೀತು. ನ್ಯೂ ಓರ್ಲಿಯನ್ಸ್‌ನಲ್ಲಿದ್ದ ಸ್ಪೇನಿನ ರಾಜ್ಯಪಾಲ ಎಸ್ತೆಬಾನ್ ಮಿರೋ ಖುಷಿಯಾಗಲೆಂದು ನ್ಯಾಶ್‌ವಿಲ್ ಸೀಮೆಗೆ ಅವನ ಹೆಸರಿಟ್ಟರು. ಇಡುವಾಗ ಅಕ್ಷರ ತಪ್ಪಿ ಮಿರೋ ಹೋಗಿ ಮೀರೋ ಆಯಿತು. ಆ ಹೆಸರನ್ನು ಕೇಳಿದೊಡನೆ ಕನ್ನಡ ಬಲ್ಲವರಿಗೆ ಮುಂದಿನದು ಅರ್ಥವಾಗಿಬಿಡುತ್ತದೆ. ಚೆರೋಕಿಗಳಿಗೆ ಕನ್ನಡ ಬರುತ್ತಿರಲಿಲ್ಲ ಎಂಬುದನ್ನು ಇತಿಹಾಸಕಾರರು ಈವರೆಗೆ ಗಂಭೀರವಾಗಿ ಪರಿಗಣಿಸಿಲ್ಲ.

ಒಪ್ಪಂದಕ್ಕೆ ವರ್ಷಕ್ಕೆ ಸಾವಿರ ಡಾಲರ್ ಸಂಭಾವನೆ. ಚೆರೋಕಿ ನಿಯೋಗ ಫಿಲಡೆಲ್ಫಿಯಾಕ್ಕೇ ಹೋಗಿ ಇದು ಬಹಳ ಕಡಿಮೆ ಎಂದು ದೂರಿದ್ದಕ್ಕೆ ಸಾವಿರದೈನೂರು ಮಾಡಿದರು. ಬ್ಲಂಟ್ ಮುಂದೆ ಸೆನೆಟ್ ಸದಸ್ಯನಾಗಿ, ಬ್ರಿಟಿಷರ ಜೊತೆ ಸೇರಿ ಸಂಚು ಮಾಡಿದ ಎಂದು 1797ರಲ್ಲಿ ಅಲ್ಲಿಂದ ಹೊರದಬ್ಬಿಸಿಕೊಂಡ. ದಾರಿಗೂ ಅದಕ್ಕೂ ಸಂಬಂಧವಿಲ್ಲ.

1798ರಲ್ಲಿ ಟೆಲಿಕೋದಲ್ಲಿ ಇನ್ನೊಂದು ಒಪ್ಪಂದ. ಕೆಂಟಕಿಗೆ ಹೋಗುವ ದಾರಿಯನ್ನೂ ಬಿಳಿಯರಿಗೆ ತೆರೆದಿಡಬೇಕು. ಪ್ರತಿಯಾಗಿ, ಬಿಟ್ಟುಕೊಟ್ಟ ನೆಲದಲ್ಲಿ ಚೆರೋಕಿಗಳು ಬೇಟೆಯಾಡಬಹುದು; ಯಾವಾಗಿನವರೆಗೆ ಎಂದರೆ, ವಸಾಹತುಗಳು ಬೆಳೆದು ಅದು ಅನುಚಿತವೆನಿಸುವವರೆಗೆ. ಈ ಒಂದು ವಾಕ್ಯದ ಮೇಲೆ ನಾನು ಹನ್ನೊಂದು ವರ್ಷ ಕೆಲಸ ಮಾಡಿದ್ದೇನೆ. ವಸಾಹತು ಬೆಳೆಸುವವರು ಬಿಳಿಯರು. ಅನುಚಿತವೆನಿಸಬೇಕಾದದ್ದೂ ಬಿಳಿಯರಿಗೆ. ಬೇಟೆ ಮಾತ್ರ ಚೆರೋಕಿಗಳದು. ಅಧಿಕಾರ ಹಂಚಿಕೆಯಲ್ಲಿ ಇಷ್ಟು ಸಮತೋಲನ ಇನ್ನೆಲ್ಲೂ ಕಂಡಿಲ್ಲ.

ಈಗ 1805. ಅಗಲಶಾಸ್ತ್ರದ ಸುವರ್ಣ ವರ್ಷ.

ಹಿನ್ನೆಲೆ ಹೇಳಬೇಕು. 1802ರಲ್ಲಿ ಕೇಂದ್ರ ಸರ್ಕಾರವು ಜಾರ್ಜಿಯಾ ರಾಜ್ಯಕ್ಕೆ ಒಂದು ಮಾತು ಕೊಟ್ಟಿತ್ತು: ನಿಮ್ಮ ಗಡಿಯೊಳಗಿನ ಮೂಲನಿವಾಸಿಗಳ ಹಕ್ಕನ್ನೆಲ್ಲ ಶಾಂತಿಯುತವಾಗಿ, ನ್ಯಾಯವಾದ ಬೆಲೆಗೆ ತೆರವು ಮಾಡಿಸಿಕೊಡುತ್ತೇವೆ. ಚೆರೋಕಿಗಳಿಗೆ ಕೊಟ್ಟ ಮಾತುಗಳು ಇದಕ್ಕೆ ವಿರುದ್ಧವಾಗಿದ್ದವು. ಎರಡು ಕಡೆಗೂ ಮಾತು ಕೊಟ್ಟವನು ಮೊದಲು ದಾರಿ ಹಾಕುತ್ತಾನೆ. ಜಾರ್ಜಿಯಾದಿಂದ ಚೆರೋಕಿ ನಾಡಿನ ನಡುವೆ ಹಾದು ಟೆನೆಸೀಗೆ ಹೋಗುವ ಫೆಡರಲ್ ರಸ್ತೆಯ ಪ್ರಸ್ತಾಪ ಬಂತು. ಇದಕ್ಕೂ ಮೊದಲೇ, 1801ರಲ್ಲಿ, ಅಧಿಕಾರಿಗಳು ದಾರಿ ಕೇಳಿದಾಗ ಚೆರೋಕಿ ಮುಖಂಡ ಡಬಲ್‌ಹೆಡ್ ಎದ್ದು, ದಾರಿಗಳು ಸಾಕು, ಇನ್ನು ಬೇಡ ಎಂದಿದ್ದ. ಅಧಿಕಾರಿಗಳು ಅವನ ಅಭಿಪ್ರಾಯವನ್ನು ಗೌರವದಿಂದ ದಾಖಲಿಸಿಕೊಂಡು, ಅದು ಬದಲಾಗುವವರೆಗೆ ಕಾದರು.

ಆಗ ಚೆರೋಕಿಗಳ ನಡುವೆ ಸರ್ಕಾರದ ಏಜೆಂಟನಾಗಿದ್ದವನು ರಿಟರ್ನ್ ಜೊನಾಥನ್ ಮೇಗ್ಸ್. ರಿಟರ್ನ್ ಎಂಬುದು ಬಿರುದಲ್ಲ, ತಂದೆತಾಯಿ ಇಟ್ಟ ಹೆಸರು, ಹಿಂದಿರುಗು ಎಂದರ್ಥ. ಚೆರೋಕಿ ಜಮೀನಿಗೆ ಸಂಬಂಧಿಸಿದ ದಾಖಲೆಗಳಲ್ಲಿ ಹಿಂದಿರುಗು ಎಂಬ ಮಾತು ಮತ್ತೆ ಮತ್ತೆ ಬರುವುದು ಅವನ ಸಹಿಯಲ್ಲಿ ಮಾತ್ರ.

1805ರ ಅಕ್ಟೋಬರ್ 25ರಂದು ಟೆಲಿಕೋದಲ್ಲಿ ಹದಿನಾಲ್ಕು ಸಾವಿರ ಡಾಲರ್ ಮತ್ತು ವರ್ಷಕ್ಕೆ ಮೂರು ಸಾವಿರಕ್ಕೆ ಒಂದು ದೊಡ್ಡ ಪ್ರದೇಶ ಹೋಯಿತು, ಜೊತೆಗೆ ಇನ್ನೆರಡು ದಾರಿಗಳು. ಅವುಗಳಲ್ಲೊಂದು ಜಾರ್ಜಿಯಾದ ಆ ಫೆಡರಲ್ ರಸ್ತೆಗೆ ಸೇರಬೇಕಾದದ್ದು. ದಾರಿ ಬೇಡ ಎಂದಿದ್ದ ಡಬಲ್‌ಹೆಡ್‌ನ ಸಹಿಯೂ ಅದರಲ್ಲಿದೆ. ಒಪ್ಪಂದಕ್ಕೆ ಒಂದು ಗುಟ್ಟಿನ ಕಲಮು ಇತ್ತು, ಅದರಲ್ಲಿ ಡಬಲ್‌ಹೆಡ್‌ಗೆ ಒಂದಿಷ್ಟು ಜಮೀನು ಇತ್ತು. ಗುಟ್ಟು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ. 1807ರ ಆಗಸ್ಟ್‌ನಲ್ಲಿ ಹೈವಾಸಿಯಲ್ಲಿ ಚೆಂಡಾಟ ಮುಗಿಸಿ ಹೆಂಡದಂಗಡಿಗೆ ಬಂದವನನ್ನು ಚೆರೋಕಿಗಳೇ ಗುಂಡಿಟ್ಟು, ಅಡಗಿದ ಅಟ್ಟದವರೆಗೂ ಬೆನ್ನಟ್ಟಿ ಕೊಂದರು. ಕೊಂದವರಲ್ಲೊಬ್ಬ ರಿಜ್ ಎಂಬ ಯುವಕ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಅವನೂ ಇಪ್ಪತ್ತೆಂಟು ವರ್ಷ ಬಿಟ್ಟು ಒಂದು ಸಹಿ ಹಾಕುವುದಿದೆ.

ಮತ್ತೆ 1805ಕ್ಕೆ. ಟೆಲಿಕೋದ ಸಹಿಯಾದ ಎರಡು ದಿನ ಬಿಟ್ಟು, ಅಕ್ಟೋಬರ್ 27ರಂದು, ಇನ್ನೊಂದು ಒಪ್ಪಂದ. ಸೌತ್‌ವೆಸ್ಟ್ ಪಾಯಿಂಟ್ ಎಂಬಲ್ಲಿ ಸ್ವಲ್ಪ ಜಾಗ ಬೇಕು. ಯಾಕೆಂದರೆ ಟೆನೆಸೀ ಶಾಸನಸಭೆ ಸೇರಲು ಆ ಜಾಗ ಪ್ರಶಸ್ತವಾದೀತು ಎಂದು ಒಂದು ಕಡೆಯವರು ಇನ್ನೊಂದು ಕಡೆಯವರಿಗೆ ತಿಳಿಸಿದ್ದಾರೆ. ಒಪ್ಪಂದದಲ್ಲಿ ಹೀಗೆಯೇ ಇದೆ: ಒಂದು ಕಡೆಯವರು ಇನ್ನೊಂದು ಕಡೆಯವರಿಗೆ. ಯಾವ ಕಡೆ ಯಾರದು ಎಂದಿಲ್ಲ. ಜೊತೆಗೆ ನಾಕ್ಸ್‌ವಿಲ್‌ನಿಂದ ನ್ಯೂ ಓರ್ಲಿಯನ್ಸ್‌ಗೆ ಟಪಾಲು ಹೋಗಬೇಕು, ಅದಕ್ಕೊಂದು ದಾರಿ. ಎಲ್ಲ ಸೇರಿ ಸಾವಿರದಾರುನೂರು ಡಾಲರ್. ಪಕ್ಕದ ಊರು ಕಿಂಗ್‌ಸ್ಟನ್ ರಾಜಧಾನಿಯಾಗುತ್ತದೆ ಎಂದು ಚೆರೋಕಿಗಳು ನಂಬಿ ಕೊಟ್ಟರು. ಟೆನೆಸೀಯವರು ಮಾತಿಗೆ ತಪ್ಪುವವರಲ್ಲ. 1807ರ ಸೆಪ್ಟೆಂಬರ್ 21ರಂದು ಶಾಸಕರು ಕಿಂಗ್‌ಸ್ಟನ್‌ಗೆ ಬಂದರು. ಸಭೆ ಸೇರಿದರು. ಕಿಂಗ್‌ಸ್ಟನ್ ರಾಜಧಾನಿಯಾಯಿತು. ಸಭೆಯನ್ನು ಮುಂದೂಡಿದರು. ನಾಕ್ಸ್‌ವಿಲ್‌ಗೆ ವಾಪಸು ಹೋದರು.

ಒಂದೇ ದಿನ. ಈ ಒಂದು ದಿನವನ್ನು ಕೆಲವರು ಕುಚೋದ್ಯ ಎನ್ನುತ್ತಾರೆ. ಇದು ಕಾನೂನಿನ ಶ್ರೇಷ್ಠ ಕಾವ್ಯ. ಅವರು ಬಾರದೇ ಇದ್ದಿದ್ದರೆ ಮೋಸ. ಬಂದು ಉಳಿದಿದ್ದರೆ ಅನಗತ್ಯ ಖರ್ಚು. ಮಾತನ್ನು ಎಷ್ಟು ಕಡಿಮೆ ಖರ್ಚಿನಲ್ಲಿ ಉಳಿಸಿಕೊಳ್ಳಬಹುದು ಎಂಬುದನ್ನು ಟೆನೆಸೀ ಶಾಸಕರು ಒಂದು ಹಗಲಿನಲ್ಲಿ ಸಾಧಿಸಿ ತೋರಿಸಿದರು. ಹೋಗುವಾಗ ಜಾಗವನ್ನು ಬಿಟ್ಟು ಹೋದರೇ ಎಂದು ಕೇಳಬೇಡಿ. ಟಪಾಲು ಹೋಗಬೇಕಿತ್ತು.

ಫೆಡರಲ್ ರಸ್ತೆಯ ಬಗ್ಗೆ ಉದ್ದದವರು ಒಂದು ಪ್ರಶ್ನೆಯನ್ನು ಬಿಡಿಸಲಾಗದೆ ಒದ್ದಾಡಿದ್ದಾರೆ. ಆ ರಸ್ತೆ ಜಾರ್ಜಿಯಾದ ಸ್ಪ್ರಿಂಗ್ ಪ್ಲೇಸ್ ಎಂಬಲ್ಲಿಗೇ ಯಾಕೆ ಬರುತ್ತದೆ? ಬೆಟ್ಟವೇ, ನದಿಯೇ, ಮಣ್ಣೇ? ಅಗಲಶಾಸ್ತ್ರದಲ್ಲಿ ಉತ್ತರ ಒಂದು ಸಾಲಿನದು. ಅಲ್ಲಿ ಜೇಮ್ಸ್ ವ್ಯಾನ್‌ನ ಮನೆಯಿತ್ತು. ವ್ಯಾನ್ ಚೆರೋಕಿ ಮುಖಂಡ, ತಂದೆಯ ಕಡೆಯಿಂದ ಸ್ಕಾಟಿಷ್ ರಕ್ತ. ಚಟ್ಟಾಹೂಚಿ ನದಿಯಲ್ಲಿ ಅವನ ದೋಣಿಗಡವು, ದಾರಿಯಲ್ಲಿ ಅಂಗಡಿ, ವಸತಿಗೃಹ, 1804ರಲ್ಲಿ ಎದ್ದ ಎರಡಂತಸ್ತಿನ ಇಟ್ಟಿಗೆಯ ಮನೆ. ಗುಲಾಮರ ದುಡಿಮೆಯ ತೋಟ. ರಸ್ತೆ ತನ್ನ ಮನೆ ಮುಂದೆ ಬರುವುದಾದರೆ ಅವನದೇನೂ ಅಡ್ಡಿಯಿರಲಿಲ್ಲ. ರಸ್ತೆಗೂ ಅಡ್ಡಿಯಿರಲಿಲ್ಲ. ರಸ್ತೆಗಳು ಇಳಿಜಾರಿಗೆ ಹರಿಯುತ್ತವೆ ಎಂದು ತಿಳಿದವರು ನೀರಿನ ಎಂಜಿನಿಯರುಗಳು. ರಸ್ತೆಗಳು ಗಣ್ಯರ ಹೊಸ್ತಿಲಿಗೆ ಹರಿಯುತ್ತವೆ.

ಇಷ್ಟರಿಂದ ಚೆರೋಕಿಗಳಿಗೆ ಏನೂ ಸಿಗದೆ ಹೋಯಿತು ಎಂದರೆ ತಪ್ಪು. ದಾರಿಬದಿಯ ವಸತಿಗೃಹಗಳು, ದೋಣಿಗಡವುಗಳು ಬಹುಪಾಲು ಚೆರೋಕಿ ಕುಟುಂಬಗಳ ಕೈಯಲ್ಲಿದ್ದವು. ಹಾದುಹೋಗುವವರು ಉಂಡು, ಮಲಗಿ, ದುಡ್ಡು ಕೊಟ್ಟು, ಸುತ್ತಲ ನೆಲವನ್ನು ಚೆನ್ನಾಗಿ ನೋಡಿಕೊಂಡು ಹೋಗುತ್ತಿದ್ದರು. ಚೆನ್ನಾಗಿದೆ ಎಂದು ಊರಿಗೆ ಹೋಗಿ ಹೇಳುತ್ತಿದ್ದರು. ವ್ಯಾನ್ ಮಾತ್ರ ಆ ಸುಖ ಬಹಳ ಕಾಲ ಅನುಭವಿಸಲಿಲ್ಲ. 1809ರ ಫೆಬ್ರವರಿಯ ಒಂದು ರಾತ್ರಿ ಹೆಂಡದಂಗಡಿಯೊಂದರ ಬಾಗಿಲಲ್ಲಿ ಯಾರೋ ಕತ್ತಲಿನಿಂದ ಹೊಡೆದ ಗುಂಡಿಗೆ ಸತ್ತ. ಗುಂಡು ಹಾರಿಸಿದ್ದು ಯಾರೆಂದು ಇಂದಿಗೂ ಖಚಿತವಿಲ್ಲ. ಅವನಿಗೆ ಶತ್ರುಗಳ ಕೊರತೆ ಇರಲಿಲ್ಲ.

ಮನೆ ಮಗ ಜೋಸೆಫ್‌ನದಾಯಿತು. 1819ರಲ್ಲಿ ಆ ರಸ್ತೆಯಲ್ಲಿ ಅಧ್ಯಕ್ಷ ಜೇಮ್ಸ್ ಮನ್ರೋ ಬಂದು ಆ ಮನೆಯಲ್ಲಿ ತಂಗಿದ್ದ. ದೇಶದ ಅಧ್ಯಕ್ಷನೇ ಉಳಿದುಹೋದ ಮನೆ! 1835ರ ಹೊತ್ತಿಗೆ ಜಾರ್ಜಿಯಾ ಈ ನೆಲವನ್ನೆಲ್ಲ ಲಾಟರಿ ಎತ್ತಿ ಬಿಳಿಯರಿಗೆ ಹಂಚಿಯಾಗಿತ್ತು. ಚೆರೋಕಿಗಳು ಬಿಳಿಯರನ್ನು ಕೆಲಸಕ್ಕಿಟ್ಟುಕೊಳ್ಳುವಂತಿಲ್ಲ ಎಂದೂ ಒಂದು ಕಾನೂನು ಮಾಡಿಯಾಗಿತ್ತು. ಜೋಸೆಫ್ ಒಬ್ಬ ಬಿಳಿಯ ಮೇಸ್ತ್ರಿಯನ್ನು ಇಟ್ಟುಕೊಂಡಿದ್ದನಂತೆ. ಮನೆ ಜಪ್ತಿಯಾಯಿತು. ಮನೆ ತಮ್ಮದೆಂದು ಇಬ್ಬರು ಬಿಳಿಯರು ಬಂದರು. ಒಬ್ಬ ಮಹಡಿ ಸೇರಿಕೊಂಡ. ಇನ್ನೊಬ್ಬ ಜಾರ್ಜಿಯಾ ಗಾರ್ಡಿನ ಕರ್ನಲ್, ಅವನನ್ನು ಹೊಗೆ ಹಾಕಿ ಇಳಿಸಲು ಉರಿಯುವ ಕೊರಡನ್ನು ಮೆಟ್ಟಿಲ ಮೇಲಿಟ್ಟ. ಜೋಸೆಫ್ ಮತ್ತು ಅವನ ಹೆಂಡತಿ ಮಕ್ಕಳು ನಡುವಿನ ಕೋಣೆಯಲ್ಲಿ ಸಿಕ್ಕಿಕೊಂಡು, ಕೊನೆಗೆ ಹಿಮದಲ್ಲಿ ಹೊರಬಿದ್ದು ಟೆನೆಸೀ ಕಡೆಗೆ ಹೋದರು. ಅಪ್ಪ ಮನೆಬಾಗಿಲಿಗೆ ಕರೆಸಿಕೊಂಡ ದಾರಿ ಮಗನ ಮಹಡಿ ಮೆಟ್ಟಿಲು ಹತ್ತುವಷ್ಟು ಅಗಲವಾಗಲು ಮೂವತ್ತು ವರ್ಷ ಹಿಡಿಯಿತು. ಆ ಮನೆ ಈಗಲೂ ಇದೆ, ವಸ್ತುಸಂಗ್ರಹಾಲಯವಾಗಿ. ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಹತ್ತಬಹುದು.

ಯೂನಿಕೋಯ್ ಟರ್ನ್‌ಪೈಕ್ ಎಂಬ ಸುಂಕದ ದಾರಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1813ರಲ್ಲಿ ಚೆರೋಕಿಗಳು ಒಂದು ಕಂಪನಿಗೆ ಬೆಟ್ಟ ದಾಟುವ ದಾರಿಯನ್ನು 20 ವರ್ಷದ ಮಟ್ಟಿಗೆ ಕೊಟ್ಟರು, ವರ್ಷಕ್ಕೆ 160 ಡಾಲರ್‌ಗೆ. ಗುತ್ತಿಗೆ, ಅವಧಿ, ಬಾಡಿಗೆ, ಎಲ್ಲ ನಮೂದಿಸಿ. ಕಳೆದ ನಾಲ್ಕು ದಶಕದ ಅನುಭವದಿಂದ ಅವರು ಕಲಿತಿದ್ದರು. ಕಲಿತದ್ದು ಪ್ರಯೋಜನಕ್ಕೆ ಬರಬೇಕಾದ ಹೊತ್ತಿಗೆ, 1835ರ ಡಿಸೆಂಬರ್ 29ರಂದು, ನ್ಯೂ ಎಕೋಟದಲ್ಲಿ ಒಂದು ಸಣ್ಣ ಗುಂಪು ಇಡೀ ಪೂರ್ವದ ನಾಡನ್ನು ಐವತ್ತು ಲಕ್ಷ ಡಾಲರ್‌ಗೆ ಬರೆದುಕೊಟ್ಟಿತು. ಡಬಲ್‌ಹೆಡ್‌ನನ್ನು ಕೊಂದ ರಿಜ್ ಅದಕ್ಕೆ ಗುರುತು ಒತ್ತಿದ. ಜಾನ್ ರಾಸ್ ಎಂಬ ಚುನಾಯಿತ ಮುಖ್ಯಸ್ಥ ಒಪ್ಪಿರಲಿಲ್ಲ, ಜನರೂ ಒಪ್ಪಿರಲಿಲ್ಲ, ಸಾವಿರಾರು ಸಹಿಯ ಅರ್ಜಿಗಳು ವಾಷಿಂಗ್ಟನ್‌ಗೆ ಹೋದವು. ಸೆನೆಟ್‌ನಲ್ಲಿ, ಒಂದು ಮತ ತಪ್ಪಿದ್ದರೆ ಮೂರನೇ ಎರಡರ ಬಹುಮತ ಕೈಬಿಡುತ್ತಿದ್ದ ಅಂತರದಲ್ಲಿ, ಒಪ್ಪಂದ ಊರ್ಜಿತವಾಯಿತು. ಅಗಲ ಎಷ್ಟೇ ಇರಲಿ, ಅಂತರ ಇಷ್ಟು ಸಾಕು.

1838ರಲ್ಲಿ ದಾರಿಗಳೆಲ್ಲ ಒಟ್ಟಿಗೆ ಬಳಕೆಗೆ ಬಂದವು. ಉತ್ತರ ಕ್ಯಾರೊಲೈನಾದ ಬೆಟ್ಟಗಳಲ್ಲಿ ಹಿಡಿದವರನ್ನು ಸೈನಿಕರು ಅದೇ ಯೂನಿಕೋಯ್ ದಾರಿಯಲ್ಲಿ ನಡೆಸಿಕೊಂಡು ಟೆನೆಸೀಯ ಶಿಬಿರಗಳಿಗೆ ತಂದರು. ಹದಿನಾರು ಸಾವಿರದಷ್ಟು ಜನ ಪಶ್ಚಿಮಕ್ಕೆ ಹೋಗಬೇಕಿತ್ತು. ಶಿಬಿರಗಳಲ್ಲಿ, ದಾರಿಯಲ್ಲಿ ಸತ್ತವರು ನಾಲ್ಕು ಸಾವಿರ ಎಂಬುದು ಸಾಮಾನ್ಯವಾಗಿ ಕೊಡುವ ಅಂದಾಜು. ಒಪ್ಪಂದಗಳಲ್ಲಿ ಮತ್ತೆ ಮತ್ತೆ ಬರೆದಿದ್ದ ಮುಕ್ತ ಹಾಗೂ ಅಡಚಣೆಯಿಲ್ಲದ ಬಳಕೆ ಚೆರೋಕಿಗಳಿಗೂ ಆಗ ಸಿಕ್ಕಿತು. ಹೋಗುವ ದಿಕ್ಕಿನಲ್ಲಿ ಮಾತ್ರ.

ಕೊನೆಯದಾಗಿ ಅಳತೆ. ಆ ಶರತ್ಕಾಲ ರಾಸ್‌ನ ಮೇಲ್ವಿಚಾರಣೆಯಲ್ಲಿ ಹನ್ನೆರಡು ತಂಡಗಳು ನೆಲದ ದಾರಿಯಲ್ಲಿ ಹೊರಟವು. ಟೆನೆಸೀಯ ಸುಂಕದ ರಸ್ತೆಗಳಲ್ಲಿ ಅವರನ್ನು ಗೇಟಿನ ಬಳಿ ನಿಲ್ಲಿಸಿ ಸುಂಕ ವಸೂಲಿ ಮಾಡಿದರು. ಗಾಡಿಗಿಷ್ಟು, ಕುದುರೆಗಿಷ್ಟು. ತಂಡದ ಮುಖಂಡರು ಎಣಿಸಿ ಕೊಟ್ಟು ಲೆಕ್ಕಪುಸ್ತಕದಲ್ಲಿ ಬರೆದುಕೊಂಡರು. ಗೇಟಿನ ಅಗಲ ಒಂದು ಗಾಡಿ. ಒಂದು ದಾಟಿದ ಮೇಲೆ ಕಂಬ ಇಳಿಸಿ, ಎಣಿಸಿ, ಇನ್ನೊಂದನ್ನು ಬಿಡುತ್ತಿದ್ದರು.